ಸೀಗೆ ಬೇಲಿ: ಬೀಜ ಆರಿಸುವುದರಿಂದ ಪುಡಿ ಮಾಡುವವರೆಗೆ

ಸೀಗೆ ನಮ್ಮ ಕಾಡಿನದೇ ಮುಳ್ಳುಗಿಡ. ಅರ್ಧ ಪೊದೆ, ಅರ್ಧ ಬಳ್ಳಿ. ಆಸರೆ ಸಿಗದ ಕಡೆ ಬಾಗಿ ಬಾಗಿ ಪೊದೆ ಕಟ್ಟುತ್ತದೆ, ಪಕ್ಕದಲ್ಲಿ ಮರವಿದ್ದರೆ ನೆತ್ತಿಯವರೆಗೂ ಹತ್ತಿ ಅಲ್ಲೇ ಹರಡಿಕೊಳ್ಳುತ್ತದೆ. ಈ ಎರಡು ಗುಣವನ್ನೂ ತಿಳಿದು ನಡೆಸಿಕೊಂಡರೆ ತೋಟದ ಅಂಚಿಗೆ ದನ ನುಗ್ಗದ ಬೇಲಿ, ಮನೆಗೆ ವರ್ಷವಿಡೀ ಸಾಲುವಷ್ಟು ಕಾಯಿ, ಮಳೆ ಶುರುವಾದಾಗ ಅಡುಗೆಗೆ ಹುಳಿ ಚಿಗುರು ಎಲ್ಲವೂ ಸಿಗುತ್ತದೆ. ನೆಟ್ಟು ಮರೆತುಬಿಟ್ಟರೆ ಮಾತ್ರ ಕೆಳಗೆ ನಾಯಿ ನುಸುಳುವಷ್ಟು ಖಾಲಿ, ಮೇಲೆ ಅಡಿಕೆ ಸಾಲಿಗೆ ಹಬ್ಬಿದ ಮುಳ್ಳಿನ ಕಾಟ. ಸೀಗೆ ಬೇಲಿಯ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಮೊದಲ ಎರಡು ವರ್ಷ ಕತ್ತರಿ ಹಾಕದೆ ಇದ್ದುದರಿಂದ ಬಂದವು.

ನರ್ಸರಿಗೆ ಹೋಗುವ ಮುಂಚೆ ಒಂದು ಎಚ್ಚರಿಕೆ. ಸೀಗೆ, ಜಾಲಿ, ಕಗ್ಗಲಿ ಎಲ್ಲವನ್ನೂ ಸಸ್ಯಶಾಸ್ತ್ರದವರು ಬಹುಕಾಲ ಅಕೇಶಿಯ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಸೀಗೆಯ ಹೆಸರು ಆಗ ಅಕೇಶಿಯ ಕಾನ್ಸಿನ್ನ. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯಶಾಸ್ತ್ರ ಸಮ್ಮೇಳನ ಅಕೇಶಿಯ ಎಂಬ ಹೆಸರನ್ನು ಆಸ್ಟ್ರೇಲಿಯಾದ ವ್ಯಾಟಲ್ ಗಿಡಗಳ ಗುಂಪಿಗೆ ಉಳಿಸಿತು, 2011ರ ಮೆಲ್ಬರ್ನ್ ಸಮ್ಮೇಳನವೂ ಅದನ್ನೇ ಎತ್ತಿಹಿಡಿಯಿತು. ನಮ್ಮ ಸೀಗೆ ಈಗ ಸೆನೆಗಾಲಿಯ ರುಗಾಟ. ಹಾಗಾಗಿ "ಅಕೇಶಿಯ ಸಸಿ ಕೊಡಿ" ಎಂದರೆ ನಿಮ್ಮ ಕೈಗೆ ಬರುವುದು ಮಲೆನಾಡಿನ ನೆಡುತೋಪುಗಳಲ್ಲಿ ಸಾಲುಸಾಲಾಗಿ ನಿಂತಿರುವ ಆಸ್ಟ್ರೇಲಿಯಾ ಮೂಲದ ಮರ. ಅದಕ್ಕೆ ಮುಳ್ಳೂ ಇಲ್ಲ, ಬಳ್ಳಿಯೂ ಅಲ್ಲ, ಬೇಲಿಗೆ ಯಾವ ಪ್ರಯೋಜನವೂ ಇಲ್ಲ. ಸೀಗೆ ಎಂದೇ ಕೇಳಿ, ಸಸಿಯ ಕಾಂಡದ ಮೇಲೆ ಕೊಕ್ಕೆಮುಳ್ಳು ಇದೆಯೇ ಎಂದು ನೋಡಿಯೇ ತನ್ನಿ.

ಎಲ್ಲಿ ಬೆಳೆಯುತ್ತದೆ

ಪಶ್ಚಿಮ ಘಟ್ಟದ ಎಲೆ ಉದುರುವ ಕಾಡುಗಳು, ಅದರಲ್ಲೂ ಕಾಡಿನ ಅಂಚು ಮತ್ತು ಹಳ್ಳದ ದಂಡೆ ಸೀಗೆಯ ನಿಜವಾದ ನೆಲೆ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನದ ಮಲೆನಾಡು ಭಾಗ, ಕೊಡಗು, ಮೈಸೂರು ಕಡೆಯ ಕಾಡುಗಳು, ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಈ ಎಲ್ಲ ಕಡೆಯೂ ಸಿಗುತ್ತದೆ. ದಟ್ಟ ನೆರಳಿನ ಕಾಡಿನ ಒಳಗೆ ಮಾತ್ರ ಅಪರೂಪ. ಸಸಿಯಾಗಿದ್ದಾಗ ಅರೆನೆರಳನ್ನು ತಾಳಿಕೊಳ್ಳುತ್ತದಾದರೂ ಹೂ ಬಿಡಲು ತಲೆಯ ಮೇಲೆ ಬಿಸಿಲು ಬೇಕೇ ಬೇಕು. ತೋಟದ ನೆರಳಿನಲ್ಲಿ ನೆಟ್ಟ ಸೀಗೆ ಎಷ್ಟು ವರ್ಷ ಕಳೆದರೂ ಕಾಯಿ ಬಿಡದೆ ಬರೀ ಸೊಪ್ಪಾಗಿ ಮೇಲಕ್ಕೆ ಓಡುವುದು ಇದೇ ಕಾರಣಕ್ಕೆ.

ಮಣ್ಣಿನ ವಿಷಯದಲ್ಲಿ ಹಟವಿಲ್ಲ. ಕೆಂಪು ಗೊಚ್ಚು, ಜಂಬಿಟ್ಟಿಗೆ ನೆಲ, ಕಲ್ಲುಮಿಶ್ರಿತ ಇಳಿಜಾರು ಎಲ್ಲ ನಡೆಯುತ್ತದೆ. ನಡೆಯದೇ ಇರುವುದು ನೀರು ನಿಲ್ಲುವ ಜಾಗ. ಗದ್ದೆಯ ಬದು, ಜೌಗು ಮೂಲೆ, ಮಳೆಗಾಲದಲ್ಲಿ ವಾರಗಟ್ಟಲೆ ತೇವ ಇಳಿಯದ ಎರೆನೆಲ ಇವೆಲ್ಲ ಬೇಡ. ವಿಜಯಪುರ, ಬಳ್ಳಾರಿ ಕಡೆಯ ಒಣಭೂಮಿಯಲ್ಲಿ ನೀರುಣಿಸದೆ ಸೀಗೆ ಬೇಲಿ ಎಬ್ಬಿಸಲು ಹೋಗುವುದು ವ್ಯರ್ಥ ಶ್ರಮ. ಆ ನೆಲಕ್ಕೆ ಕತ್ತಾಳೆ, ಕಳ್ಳಿಯೇ ಸರಿ.

ಸೀಗೆಯೋ, ಕಾಡುಸೀಗೆಯೋ

ಬೀಜಕ್ಕೆ ಹೋಗುವವರು ಎಡವುವುದು ಇಲ್ಲಿ. ಕಾಡುಸೀಗೆ ಎಂದು ಕರೆಯುವ ಎರಡು ಮೂರು ಜಾತಿಯ ಬಳ್ಳಿಗಳು ಅದೇ ಕಾಡಿನಲ್ಲಿ, ಅದೇ ರೀತಿಯ ಮುಳ್ಳು ಹೊತ್ತು, ಪಕ್ಕಪಕ್ಕದಲ್ಲೇ ಇರುತ್ತವೆ. ಎಲೆ ನೋಡಿ ಬೇರೆ ಮಾಡುವುದು ಹೊಸಬರಿಗೆ ಕಷ್ಟ, ಕಾಯಿ ನೋಡಿದರೆ ಗೊಂದಲವೇ ಇಲ್ಲ. ಸೀಗೆಯ ಕಾಯಿ ಹಸಿಯಿದ್ದಾಗ ದಪ್ಪ, ತಿರುಳು ತುಂಬಿದ್ದು. ಒಣಗಿದಾಗ ಕಂದು ಬಣ್ಣಕ್ಕೆ ತಿರುಗಿ ಮೈಯೆಲ್ಲ ಸುಕ್ಕುಗಟ್ಟುತ್ತದೆ, ಬೀಜಗಳ ನಡುವೆ ಸ್ವಲ್ಪ ಕುಗ್ಗಿರುತ್ತದೆ. ಉದ್ದ ಹೆಚ್ಚುಕಡಿಮೆ 8ರಿಂದ 10 ಸೆಂಟಿಮೀಟರ್. ಕಾಡುಸೀಗೆಯದು ತೆಳ್ಳಗೆ, ಚಪ್ಪಟೆಯಾಗಿ, ಒಣಗಿದರೆ ಕಾಗದದ ಪಟ್ಟಿಯ ಹಾಗೆ. ಒಣಗಿದ ಸೀಗೆಕಾಯಿಯ ಒಂದು ತುಂಡು ಮುರಿದು ಅಂಗೈಯಲ್ಲಿ ಎರಡು ಹನಿ ನೀರಿನೊಡನೆ ತಿಕ್ಕಿದರೆ ಕೂಡಲೇ ನೊರೆ ಬರುತ್ತದೆ, ನೊರೆ ಬೆರಳಿನ ಸಂದಿಯಲ್ಲಿ ನಿಲ್ಲುತ್ತದೆ. ಚಪ್ಪಟೆ ಕಾಯಿಯಲ್ಲಿ ಅಂಥ ನೊರೆ ಬರುವುದಿಲ್ಲ.

ಹೂವು ಹೆಚ್ಚಾಗಿ ಬೇಸಿಗೆಯಲ್ಲಿ. ಮೊಗ್ಗು ಕೆಂಪು ಛಾಯೆಯದು, ಅರಳಿದ ಮೇಲೆ ಕೆನೆಬಣ್ಣದ ಪುಟ್ಟ ಚೆಂಡುಗಳು. ಜಾಲಿ ಹೂವಿನ ಹಳದಿ ಇದಕ್ಕಿಲ್ಲ. ಕಾಯಿ ಬಲಿತು ಒಣಗುವುದು ಚಳಿಗಾಲ ಮುಗಿಯುವ ಹೊತ್ತಿಗೆ.

ಬೀಜ, ಮೊಳಕೆ

ಅಂಗಡಿಯ ಸೀಗೆಕಾಯಿ ಒಡೆದು ತೆಗೆದ ಬೀಜವೂ ಒಮ್ಮೊಮ್ಮೆ ಹುಟ್ಟುತ್ತದೆ, ಆದರೆ ನೆಚ್ಚಿಕೊಳ್ಳುವಂತಿಲ್ಲ. ಎಷ್ಟು ಹಳೆಯದೋ ಗೊತ್ತಾಗುವುದಿಲ್ಲ, ಅರ್ಧಕ್ಕರ್ಧ ಹುಳ ಕೊರೆದಿರುತ್ತದೆ. ನಿಮ್ಮದೇ ಊರಿನ ಸುತ್ತಲಿನ ಗಿಡದಿಂದ, ಒಂದೇ ಗಿಡದಿಂದಲ್ಲ, ನಾಲ್ಕೈದು ಗಿಡಗಳಿಂದ, ಫೆಬ್ರವರಿ ಹೊತ್ತಿಗೆ ಗಿಡದಲ್ಲೇ ಒಣಗಿದ ಕಾಯಿ ತನ್ನಿ. ಒಂದೊಂದರಲ್ಲಿ ಆರರಿಂದ ಹತ್ತು ಬೀಜ ಇರುತ್ತವೆ. ಸಿಪ್ಪೆ ಮನೆ ಬಳಕೆಗೆ ಎತ್ತಿಟ್ಟುಕೊಳ್ಳಿ. ಬೀಜವನ್ನು ತಣ್ಣೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ. ಮುಳುಗಿದ್ದರಲ್ಲೂ ಸೂಜಿಮೊನೆಯಷ್ಟು ತೂತು ಕಂಡರೆ ಅದನ್ನೂ ತೆಗೆದುಬಿಡಿ, ಒಳಗಿನ ಬೇಳೆಯನ್ನು ಹುಳ ತಿಂದು ಮುಗಿಸಿರುತ್ತದೆ.

ಸೀಗೆ ಬೀಜದ ಹೊದಿಕೆ ಗಟ್ಟಿ, ನೀರು ಒಳಗೆ ಬಿಡುವುದಿಲ್ಲ. ಹಾಗೆಯೇ ಮಣ್ಣಿಗೆ ಹಾಕಿದರೆ ಒಂದು ಈ ವಾರ, ಇನ್ನೊಂದು ಮೂರು ತಿಂಗಳ ಮೇಲೆ ಎಂಬಂತೆ ಹುಟ್ಟಿ ಸಸಿಗಳ ಎತ್ತರ ಹೊಂದುವುದೇ ಇಲ್ಲ. ಬಿಸಿನೀರಿನ ಉಪಚಾರ ಬೇಕು. ಬೀಜದ ಐದು ಪಟ್ಟು ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿ ನಿಂತು ಒಂದೆರಡು ನಿಮಿಷ ಆದಮೇಲೆ ಬೀಜ ಹಾಕಿ ಮುಚ್ಚಿಡಿ. ಒಲೆಯ ಮೇಲೆ ಇಟ್ಟುಕೊಂಡೇ ಬೀಜ ಸುರಿದರೆ ಬೆಂದುಹೋಗುತ್ತದೆ. ಅದೇ ನೀರಿನಲ್ಲಿ ಆರಲು ಬಿಟ್ಟು ಮರುದಿನ ಬೆಳಗ್ಗೆ ನೋಡಿ: ನೀರು ಕುಡಿದವು ಉಬ್ಬಿ ಹೆಚ್ಚುಕಡಿಮೆ ಎರಡರಷ್ಟಾಗಿ ಮೆತ್ತಗಾಗಿರುತ್ತವೆ, ಕುಡಿಯದವು ಹಿಂದಿನ ದಿನದಂತೆಯೇ ಕಲ್ಲಾಗಿ ತಳದಲ್ಲಿ ಕೂತಿರುತ್ತವೆ. ಉಬ್ಬಿದ್ದನ್ನು ಅಂದೇ ಬಿತ್ತಿ. ಉಳಿದವನ್ನು ಒಂದೊಂದಾಗಿ ಹಿಡಿದು, ಕಾಯಿಗೆ ಅಂಟಿಕೊಂಡಿದ್ದ ತುದಿ ಬಿಟ್ಟು ಇನ್ನೊಂದು ಬದಿಯಲ್ಲಿ, ಉಗುರು ಕತ್ತರಿಸುವ ಕಟರ್‌ನಿಂದ ಹೊದಿಕೆಯನ್ನಷ್ಟೇ ಸ್ವಲ್ಪ ಚಿವುಟಿ ಮತ್ತೆ ನೆನೆಹಾಕಿ. ಸಂಜೆಗೆ ಉಬ್ಬುತ್ತವೆ. ಒಂದು ದಿನಕ್ಕಿಂತ ಹೆಚ್ಚು ನೀರಿನಲ್ಲಿ ಬಿಟ್ಟರೆ ಕೊಳೆಯುತ್ತವೆ.

ಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು. 6 ಇಂಚು ಅಗಲ, 9 ಇಂಚು ಎತ್ತರದ ತೊಟ್ಟೆ (ಪ್ಲಾಸ್ಟಿಕ್ ಸಸಿಚೀಲ) ಒಳ್ಳೆಯದು, ಸೀಗೆಯ ತಾಯಿಬೇರು ಬೇಗ ಕೆಳಗಿಳಿಯುವುದರಿಂದ ಚಿಕ್ಕ ತೊಟ್ಟೆಯಲ್ಲಿ ಬೇರು ಸುತ್ತಿಕೊಳ್ಳುತ್ತದೆ. ತೊಟ್ಟೆಗೆ ಎರಡು ಬೀಜ, ಅರ್ಧ ಇಂಚು ಆಳ, ಅದಕ್ಕಿಂತ ಕೆಳಗೆ ಬೇಡ. ಹುಟ್ಟಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಎರಡೂ ಹುಟ್ಟಿದರೆ ಸಣಕಲನ್ನು ಕಿತ್ತುಬಿಡಬೇಡಿ, ಪಕ್ಕದ್ದರ ಬೇರೂ ಅಲುಗುತ್ತದೆ. ಬುಡದಲ್ಲಿ ಕತ್ತರಿಸಿ. ಮೊದಲ ತಿಂಗಳು ಅರೆನೆರಳು, ದಿನಕ್ಕೊಮ್ಮೆ ನೀರು ಸಾಕು. ಸಸಿ ಬುಡದಲ್ಲಿ ಕಪ್ಪಾಗಿ ಮಲಗಿದರೆ ಅದು ನೀರು ಹೆಚ್ಚಾದ ಗುರುತು. ಮೇ ತಿಂಗಳಲ್ಲಿ ನೆರಳು ತೆಗೆದು ಬಿಸಿಲಿಗೆ ಹೊಂದಿಸಿ.

ಲೆಕ್ಕಕ್ಕೆ, 100 ಮೀಟರ್ ಬೇಲಿಯ ಒಂಟಿ ಸಾಲಿಗೆ 75 ಸೆಂಟಿಮೀಟರ್‌ಗೆ ಒಂದರಂತೆ ಸುಮಾರು 135 ಸಸಿ ಬೇಕು. 180 ಎಬ್ಬಿಸಿಟ್ಟುಕೊಳ್ಳಿ. ಸತ್ತಲ್ಲಿ ಅದೇ ವಯಸ್ಸಿನ ಸಸಿ ತುಂಬಿಸದಿದ್ದರೆ ಆ ಸಂದು ಮುಂದೆ ಎಂದೂ ಮುಚ್ಚುವುದಿಲ್ಲ, ಆಚೀಚಿನ ದೊಡ್ಡ ಗಿಡಗಳು ಹೊಸ ಸಸಿಯನ್ನು ಮೇಲೇಳಲು ಬಿಡುವುದಿಲ್ಲ.

ನೆಡುವುದು

ಮೃಗಶಿರಾ ಮಳೆ ಬಿದ್ದು ನೆಲ ಒಂದೂವರೆ ಅಡಿ ಆಳದವರೆಗೆ ತೊಯ್ದ ಮೇಲೆ ನೆಡಿ. ಮೊದಲ ಮಳೆಗೇ ಅವಸರ ಮಾಡಿ ನೆಟ್ಟು, ಮುಂದೆ ಎರಡು ವಾರ ಬಿಸಿಲು ಹೊಡೆದರೆ ಸಸಿಗಳು ನಷ್ಟ. ಗಡಿರೇಖೆಯ ಮೇಲೆಯೇ ನೆಡದೆ ಒಂದು ಮೀಟರ್ ಒಳಗೆ ಬನ್ನಿ. ಗಿಡ ಹರಡುವುದು ಎರಡೂ ಕಡೆಗೆ, ಪಕ್ಕದವರ ಜಮೀನಿನ ಕಡೆಗೆ ಬಾಗಿದ ಮುಳ್ಳು ಕಡಿಯುವ ಕೆಲಸವೂ ನಿಮ್ಮದೇ. ಅಡಿಕೆ, ಕಾಫಿ, ಮೆಣಸಿನ ಸಾಲಿನಿಂದ ಕನಿಷ್ಠ ಮೂರು ಮೀಟರ್ ಬಿಡಿ. ಕೆಲಸದವರು ದಿನವೂ ಓಡಾಡುವ ಕಾಲುದಾರಿಯ ಬದಿಗೆ ಸೀಗೆ ಬೇಡವೇ ಬೇಡ, ಕೊಕ್ಕೆಮುಳ್ಳು ಬಟ್ಟೆ ಹಿಡಿದರೆ ಬಿಡಿಸಿಕೊಳ್ಳುವಷ್ಟರಲ್ಲಿ ಚರ್ಮವೂ ಸೀಳಿರುತ್ತದೆ. ಅಗಳು ತೋಡಿಸಿದ್ದರೆ ಅಗಳಿನ ಒಳದಂಡೆಯ ಮಣ್ಣಿನ ದಿಬ್ಬ ಸೀಗೆಗೆ ಹೇಳಿಮಾಡಿಸಿದ ಜಾಗ. ಮಣ್ಣು ಸಡಿಲ, ನೀರು ನಿಲ್ಲುವುದಿಲ್ಲ, ಬೇಲಿಯ ಎತ್ತರಕ್ಕೆ ಅಗಳಿನ ಆಳವೂ ಸೇರುತ್ತದೆ.

ಗುಣಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಗೊಬ್ಬರ, ಗೆದ್ದಲು ಇರುವ ಕಡೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ, ಅರೆಕಳಿತ ತರಗು ಹಾಕಿದರೆ ಗೆದ್ದಲಿಗೆ ನೀವೇ ಕರೆಕೊಟ್ಟಂತೆ. ತೊಟ್ಟೆಯನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ, ಕೆಳಗೆ ಸುತ್ತಿಕೊಂಡ ಬೇರು ಕಂಡರೆ ಕತ್ತರಿಸಿ.

ನೆಟ್ಟ ಅದೇ ದಿನ ಆಸರೆ ಕೊಡುವುದು ಮುಖ್ಯ. ಎರಡು ಮೀಟರಿಗೊಂದರಂತೆ ಗ್ಲಿರಿಸಿಡಿಯ ಅಥವಾ ಹಾಲವಾಣದ ಹಸಿಗೂಟ ಊರಿ, ಅವೂ ಚಿಗುರಿ ಬೇಲಿಗೆ ಕಂಬವಾಗುತ್ತವೆ. ಗೂಟಗಳ ನಡುವೆ ನೆಲದಿಂದ ಒಂದು ಅಡಿ, ಎರಡೂವರೆ ಅಡಿ, ನಾಲ್ಕು ಅಡಿ ಎತ್ತರದಲ್ಲಿ ಮೂರು ಸಾಲು ಬಿದಿರು ಅಥವಾ ಅಡಿಕೆ ದಬ್ಬೆ ಅಡ್ಡ ಕಟ್ಟಿ. ದಬ್ಬೆ ಎರಡು ಮೂರು ಮಳೆಗಾಲ ಬಾಳಿದರೂ ಸಾಕು, ಅಷ್ಟರಲ್ಲಿ ಗಿಡಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಎಳೆ ಸೀಗೆ ಎಂದರೆ ಆಡಿಗೆ ಪ್ರಾಣ. ಮೊದಲ ಎರಡು ವರ್ಷ ಹೊರಗಿನ ಬದಿಗೆ ಒಣ ಮುಳ್ಳುಕೊಂಬೆ ಒಡ್ಡಲೇಬೇಕು.

ಕತ್ತರಿ ಹಾಕುವುದು

ಬೇಲಿ ಗಟ್ಟಿಯಾಗುವುದೂ ಹಾಳಾಗುವುದೂ ಇಲ್ಲಿಯೇ. ಸಸಿ ಮಂಡಿಯ ಎತ್ತರ ಬಂದ ಕೂಡಲೇ, ನೋಡಲು ಎಷ್ಟೇ ಚೆಂದ ಇದ್ದರೂ, ನೆಲದಿಂದ ಒಂದು ಅಡಿಗೆ ಕತ್ತರಿಸಿ. ಬುಡದಿಂದ ಮೂರು ನಾಲ್ಕು ಕೊನೆ ಒಡೆಯುತ್ತವೆ. ಅವು ಎರಡು ಅಡಿ ಆದಾಗ ನೆಟ್ಟಗೆ ಮೇಲೆ ಬಿಡಬೇಡಿ. ಅರ್ಧವನ್ನು ಎಡಕ್ಕೆ, ಅರ್ಧವನ್ನು ಬಲಕ್ಕೆ ಬಗ್ಗಿಸಿ ಕೆಳಗಿನ ದಬ್ಬೆಗೆ ಬಾಳೆ ನಾರಿನಿಂದ ಕಟ್ಟಿ. ಅಡ್ಡ ಮಲಗಿದ ಕೊಂಬೆಯ ಉದ್ದಕ್ಕೂ ಹೊಸ ಕುಡಿ ಮೂಡುತ್ತವೆ, ನೆಟ್ಟಗಿದ್ದ ಕೊಂಬೆ ತುದಿಯಲ್ಲಷ್ಟೇ ಚಿಗುರುತ್ತದೆ. ಬುಡದ ಎರಡು ಅಡಿ ಹೀಗೆ ತುಂಬಿದ ಮೇಲೆಯೇ ಮಧ್ಯದ ದಬ್ಬೆಗೆ ಹತ್ತಿಸಿ. ನಾಲ್ಕು ಅಡಿ ಮುಟ್ಟಿದ ಮೇಲೆ ವರ್ಷಕ್ಕೆರಡು ಸಲ, ಮುಂಗಾರಿನ ಆರಂಭದಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ, ಎರಡೂ ಬದಿ ಸವರಿ. ಮೇಲೆ ಕಿರಿದು, ಕೆಳಗೆ ಅಗಲ ಇರುವ ಹಾಗೆ ಸವರುವುದು ಸರಿಯಾದ ಕ್ರಮ. ಮೇಲ್ಭಾಗ ಅಗಲವಾದರೆ ಬುಡಕ್ಕೆ ಬಿಸಿಲು ಬೀಳದೆ ಅಲ್ಲಿಯ ಎಲೆ ಉದುರುತ್ತದೆ, ಬುಡ ಬೋಳಾಗುತ್ತದೆ.

ಬುಡ ಈಗಾಗಲೇ ಬೋಳಾದ ಹಳೆ ಬೇಲಿಗೆ ಮೇಲಿನಿಂದ ಎಷ್ಟು ಸವರಿದರೂ ಪ್ರಯೋಜನವಿಲ್ಲ. ಮುಂಗಾರು ಹಿಡಿಯುವ ಮುನ್ನ ಒಂದು ಗಿಡ ಬಿಟ್ಟು ಒಂದನ್ನು ಒಂದೂವರೆ ಅಡಿಗೆ ಕಡಿದು ಮತ್ತೆ ಚಿಗುರಿಸಿ, ಉಳಿದವನ್ನು ಮುಂದಿನ ವರ್ಷ. ಕಡಿದ ಮುಳ್ಳನ್ನೇ ಸಂದಿಗೆ ಒತ್ತಿದರೆ ಆ ವರ್ಷಕ್ಕೆ ತಡೆ ಆಗುತ್ತದೆ.

ಇಷ್ಟು ಬಿಗಿಯಾಗಿ ಸವರಿದ ಬೇಲಿಯಲ್ಲಿ ಕಾಯಿ ಕಡಿಮೆ, ಅದನ್ನು ಒಪ್ಪಿಕೊಳ್ಳಬೇಕು. ಹೂ ಬಿಡುವುದು ಬಿಸಿಲಿಗೆ ತಲೆಯೆತ್ತಿದ ಬಲಿತ ಕೊಂಬೆಗಳು. ಕಾಯಿಯೂ ಬೇಕೆಂದರೆ ಹತ್ತು ಮೀಟರಿಗೆ ಒಂದು ಗಿಡವನ್ನು ಸವರದೆ, ಅಂಚಿನಲ್ಲಿರುವ ಕಾಡುಮರಕ್ಕೋ ಹಾಲವಾಣಕ್ಕೋ ಹತ್ತಲು ಬಿಡಿ. ಹಲಸು, ಮಾವಿಗೆ ಬಿಟ್ಟರೆ ಆ ಮರದ ಹಣ್ಣು ಮುಂದೆ ನಿಮ್ಮ ಕೈಗೆ ಸಿಗಲಾರದು. ಚೆನ್ನಾಗಿ ಬೆಳೆದ ಗಿಡ ಮೂರು ನಾಲ್ಕು ವರ್ಷದಲ್ಲಿ ಕಾಯಿ ತೋರಿಸುತ್ತದೆ.

ತುಂಬಿದ ಸೀಗೆ ಬೇಲಿಯನ್ನು ದನ, ಆಡು ದಾಟುವುದಿಲ್ಲ. ಬುಡ ದಟ್ಟವಿದ್ದರೆ ಕಾಡುಹಂದಿಯೂ ಬೇರೆ ದಾರಿ ಹುಡುಕುತ್ತದೆ. ಆನೆಗೆ ಮಾತ್ರ ಇದು ಬೇಲಿಯೇ ಅಲ್ಲ. ಆನೆ ಓಡಾಡುವ ಊರಿನಲ್ಲಿ ಸೀಗೆಯ ಮೇಲೆ ಭಾರ ಹಾಕಿ ಕೂರಬೇಡಿ.

ಕೊಯ್ಲು, ಒಣಗಿಸುವುದು

ಜನವರಿಯಿಂದ ಮಾರ್ಚ್‌ವರೆಗೆ, ಕಾಯಿ ಪೂರ್ತಿ ಕಂದಾಗಿ ಸುಕ್ಕು ಬಿದ್ದ ಮೇಲೆ ಕೀಳಿ. ಹಸಿರು ಕಾಯಿ ಕೊಯ್ದು ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಬೂಸಲು ಬರುತ್ತದೆ. ಕೆಳಗೆ ತಾಡಪಾಲು ಹಾಸಿ, ದೋಟಿಗೆ ಕಟ್ಟಿದ ಕತ್ತಿಯಿಂದ ಗೊಂಚಲಿನ ತೊಟ್ಟನ್ನಷ್ಟೇ ಕತ್ತರಿಸಿ. ಬಳ್ಳಿಯನ್ನೇ ಎಳೆದರೆ ಮುಂದಿನ ಹೂವಿನ ಕೊಂಬೆಯೂ ಹೋಗುತ್ತದೆ, ಮುಳ್ಳು ಮುಖದ ಮೇಲೆಯೇ ಬೀಳುತ್ತದೆ. ಚರ್ಮದ ಕೈಗವಸು, ಉದ್ದತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇರಲಿ. ಐದಾರು ಭಾಗಕ್ಕೆ ಒಂದು ಭಾಗ ಕಾಯಿ ಗಿಡದಲ್ಲೇ ಬಿಡಿ.

ಕಾಡಿನಿಂದ ಕೊಯ್ಯುವವರಿಗೂ ಇದೇ ಕ್ರಮ, ಜೊತೆಗೆ ಹಕ್ಕಿನ ಪ್ರಶ್ನೆ ಬೇರೆ ಇದೆ. ಅರಣ್ಯದೊಳಗಿನ ಸೀಗೆ, ಅಂಟುವಾಳ, ನೆಲ್ಲಿ, ಜೇನು ಸಂಗ್ರಹಿಸಿ ಬದುಕಿದವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥ ಸಮುದಾಯಗಳು. 2006ರ ಅರಣ್ಯ ಹಕ್ಕು ಕಾಯ್ದೆ ಈ ಸಂಗ್ರಹವನ್ನು ಅವರ ಹಕ್ಕೆಂದು ಒಪ್ಪಿದೆ. ಅಲ್ಲಿನ ಸೋಲಿಗರ ಸಮುದಾಯ ಹಕ್ಕಿಗೆ 2011ರಲ್ಲಿ ಮಾನ್ಯತೆ ಸಿಕ್ಕಿತು. ಕಾರಿನಲ್ಲಿ ಹೋಗಿ ರಸ್ತೆಬದಿಯ ಬಳ್ಳಿ ಕಡಿದು ಮೂಟೆ ತುಂಬಿಸಿಕೊಂಡು ಬರುವುದು ಅವರ ಅನ್ನಕ್ಕೆ ಕೈ ಹಾಕಿದ ಹಾಗೆ, ಅಪರಾಧವೂ ಹೌದು. ಬೀಜಕ್ಕೆ ಬೇಕಾದ ಒಂದು ಬೊಗಸೆ ಕಾಯಿಯನ್ನು ಅವರಿಂದಲೇ, ಇಲ್ಲವೇ ಲ್ಯಾಂಪ್ಸ್ ಎಂದು ಕರೆಯುವ ಅವರ ಗಿರಿಜನ ಸಹಕಾರ ಸಂಘದಿಂದ, ದುಡ್ಡು ಕೊಟ್ಟು ತನ್ನಿ.

ಕೊಯ್ದ ಕಾಯಿ ಅಂಗಳದಲ್ಲಿ ತೆಳ್ಳಗೆ ಹರವಿ ಐದರಿಂದ ಏಳು ಬಿಸಿಲು, ದಿನಕ್ಕೆರಡು ಸಲ ಮಗುಚಿ, ಇಬ್ಬನಿಗೆ ಸಿಕ್ಕದಂತೆ ರಾತ್ರಿ ಒಳಗೆ. ಬಗ್ಗಿಸಿದರೆ ಬಳುಕದೆ ಪಟ್ಟೆಂದು ಮುರಿಯಬೇಕು, ಅಲುಗಿಸಿದರೆ ಬೀಜ ಗಿಲಕಿ ಸದ್ದು ಮಾಡಬೇಕು. ಅದಕ್ಕಿಂತ ಮುಂಚೆ ಡಬ್ಬಿಗೆ ತುಂಬಿದರೆ ಮಳೆಗಾಲದಲ್ಲಿ ಬೂಸಲು ಖಚಿತ. ತುಂಬುವಾಗ ಬೀಜ ತೆಗೆದುಬಿಡಿ: ನೊರೆ ಬರುವುದು ಸಿಪ್ಪೆಯಿಂದ, ಹುಳ ಬರುವುದು ಬೀಜದಿಂದ.

ಪುಡಿ ಮತ್ತು ಚಿಗುರು

ಒಂದು ಕಿಲೋ ಬೀಜ ತೆಗೆದ ಸೀಗೆಗೆ 250 ಗ್ರಾಂ ಹೆಸರುಕಾಳು, 100 ಗ್ರಾಂ ಮೆಂತ್ಯ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ. ಹರಳೆಣ್ಣೆ ಹಚ್ಚುವ ಮನೆಯಾದರೆ ಬೀಜ ತೆಗೆದ ಅಂಟುವಾಳ 100 ಗ್ರಾಂ ಸೇರಿಸಿ, ಅದಕ್ಕಿಂತ ಹೆಚ್ಚು ಹಾಕಿದರೆ ಕೂದಲು ಒರಟಾಗುತ್ತದೆ. ಎಲ್ಲವನ್ನೂ ಮತ್ತೊಂದು ದಿನ ಬಿಸಿಲಿಗಿಟ್ಟು, ಬಿಸಿ ಇರುವಾಗಲೇ ಗಿರಣಿಗೆ ಒಯ್ಯಿರಿ. ಸೀಗೆಗೆಂದೇ ಬೇರೆ ಯಂತ್ರ ಇಟ್ಟಿರುವ ಗಿರಣಿ ಹುಡುಕಿ, ಹಿಟ್ಟಿನ ಕಲ್ಲಿಗೆ ಹಾಕಿಸಿದರೆ ಮುಂದಿನವರ ರಾಗಿಹಿಟ್ಟು ಕೆಡುತ್ತದೆ. ಮನೆಯ ಮಿಕ್ಸಿಯಲ್ಲಿ ಮಾಡುವವರು ಮೂಗುಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಮುಚ್ಚಳ ತೆಗೆಯುವ ಮುನ್ನ ಹತ್ತು ನಿಮಿಷ ಧೂಳು ಕೂರಲು ಬಿಡಿ. ಸೀಗೆ ಧೂಳು ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು, ಉಬ್ಬಸ ಇರುವವರು ಆ ಕೋಣೆಯಲ್ಲೇ ಇರಬಾರದು. ನಯವಾದ ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ ತಲೆಯಲ್ಲಿ ಕೂರುವುದಿಲ್ಲ, ತೊಳೆದರೆ ಬೇಗ ಬಿಡುತ್ತದೆ. ತಲೆಗೆ ಎರಡು ಮೂರು ಚಮಚ ಪುಡಿಯನ್ನು ಬೆಚ್ಚಗಿನ ಗಂಜಿತಿಳಿಯಲ್ಲಿ ಕಾಲು ಗಂಟೆ ನೆನೆಸಿ ಹಚ್ಚಿ. ಸೀಗೆ ತೊಳೆದ ನೀರು ಮೀನಿರುವ ಕೆರೆ, ಹೊಂಡಕ್ಕೆ ಹರಿಯಬಾರದು, ಅದರ ನೊರೆಯ ಅಂಶ ಮೀನಿಗೆ ವಿಷ.

ಬೇಲಿ ಸವರಿದ ಹದಿನೈದು ದಿನಕ್ಕೆ ಬರುವ ಕೆಂಪು ಛಾಯೆಯ ಕುಡಿ, ಮುಳ್ಳು ಇನ್ನೂ ಮೆತ್ತಗಿರುವಾಗ, ತಂಬುಳಿಗೆ ಹೊಂದುತ್ತದೆ. ತುದಿಯ ಎರಡು ಮೂರು ಎಲೆ ಮಾತ್ರ ಚಿವುಟಿ, ದಂಟು ಬೇಡ. ಒಂದು ಹಿಡಿ ಕುಡಿಯನ್ನು ತೊಳೆದು, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಆರೇಳು ಕಾಳುಮೆಣಸಿನ ಜೊತೆ ಬಾಡಿಸಿ. ಅರ್ಧ ಬಟ್ಟಲು ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆ, ಉಪ್ಪು ಹಾಕಿ. ಸೊಪ್ಪಿನಲ್ಲೇ ಹುಳಿ ಇರುವುದರಿಂದ ಮಜ್ಜಿಗೆ ಸಿಹಿಯಾಗಿರಲಿ. ಒಗ್ಗರಣೆ ಮೇಲಿಂದ ಕೊಟ್ಟರಾಯಿತು, ತಂಬುಳಿಯನ್ನು ಒಲೆಯ ಮೇಲೆ ಇಡಬೇಡಿ, ಒಡೆಯುತ್ತದೆ.